ಜೇನ್ನೊಣದ ಹೆಸರಿನ ಕಥೆ

ನಮ್ಮ ಮಲೆನಾಡಿನ ಹಳ್ಳಿಗರಿಗೆ ಜೇನು ಒಂದೇ ಬಗೆಯದಲ್ಲ. ಎತ್ತರದ ಮರದ ಕೊಂಬೆಗೋ ಬಂಡೆಯ ಚಾಚಿಗೋ ಒಂದೇ ದೊಡ್ಡ ಹುಟ್ಟನ್ನು ಕಟ್ಟುವ ಹೆಜ್ಜೇನು ಬೇರೆ; ಮರದ ಪೊಟರೆಯಲ್ಲಿ ಅಡಗಿ ಹಲವು ಹುಟ್ಟುಗಳನ್ನು ಸಾಲಾಗಿ ಕಟ್ಟುವ ತುಡುವೆ ಬೇರೆ; ಗಿಡದ ಕಡ್ಡಿಯನ್ನೇ ನೆಚ್ಚಿಕೊಂಡ ಕೋಲುಜೇನು ಬೇರೆ. ಇವೆಲ್ಲ ನಮ್ಮ ಮನೆಯ ಮಾತುಗಳು. ಕನ್ನಡದ ‘ಜೇನು’, ತಮಿಳಿನ ‘ತೇನ್’, ತೆಲುಗಿನ ‘ತೇನೆ’ ಒಂದೇ ಬಳ್ಳಿಯ ಕಾಯಿಗಳು. ಆದರೆ ಕಾವ್ಯವನ್ನು ಓದುವಾಗ ನಮಗೆ ಬೇರೆ ಎರಡು ಹೆಸರುಗಳೂ ಎದುರಾಗುತ್ತವೆ: ಜೇನಿಗೆ ‘ಮಧು’, ಜೇನ್ನೊಣಕ್ಕೆ ‘ಮಧುಮಕ್ಷಿಕ’. ಇವು ಸಂಸ್ಕೃತದಿಂದ ಬಂದ ಅತಿಥಿಗಳು. ವ್ಯಾಕರಣದ ಪಾಠದಲ್ಲಿ ಇಂಥವನ್ನು ನಾವು ತತ್ಸಮಗಳೆಂದು ಕರೆಯುತ್ತೇವೆ.

ಇದೇ ಇಬ್ಬರು ಅತಿಥಿಗಳು ಮತ್ತೊಂದು ಮನೆಯ ಬಾಗಿಲನ್ನೂ ಬಹಳ ಹಿಂದೆ ತಟ್ಟಿದ್ದರು ಎಂದರೆ ಅಚ್ಚರಿಯಾಗುತ್ತದೆ. ಆ ಮನೆ ಇರುವುದು ನಮ್ಮಿಂದ ಸಾವಿರಾರು ಮೈಲಿಗಳಾಚೆ, ವರ್ಷದ ಅರ್ಧಕಾಲ ಹಿಮ ಮುಸುಕುವ ನಾಡುಗಳಲ್ಲಿ. ಅಲ್ಲಿನವರು ಸಂಸ್ಕೃತವನ್ನು ಓದಿದವರಲ್ಲ. ಅಲ್ಲಿಗೆ ನಮ್ಮ ದೇಶದಿಂದ ಯಾವ ಪಂಡಿತರೂ ಹೋಗಲಿಲ್ಲ. ಆದರೂ ಫಿನ್ಲೆಂಡಿನ ರೈತನು ಜೇನ್ನೊಣವನ್ನು ‘ಮೆಹಿಲ್ಯಾಯ್ನೆನ್’ ಎಂದು ಕರೆಯುವಾಗ ಅದರೊಳಗೆ ನಮ್ಮ ‘ಮಕ್ಷಿಕ’ದ ಒಡಹುಟ್ಟೊಂದು ಅಡಗಿದೆ. ಅದು ಅಲ್ಲಿಗೆ ಹೇಗೆ ಹೋಯಿತು? ಹೋಯಿತೆಂದು ತಿಳಿದವರಾದರೂ ಹೇಗೆ ತಿಳಿದರು?

ಮೊದಲು ಆ ಮನೆಯ ಪರಿಚಯವಾಗಬೇಕು. ಕನ್ನಡ, ತಮಿಳು, ತೆಲುಗು, ಮಲಯಾಳ, ತುಳು ಮೊದಲಾದವು ಸೇರಿ ದ್ರಾವಿಡ ಭಾಷಾ ಕುಟುಂಬವಾದಂತೆ ಯೂರೋಪಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ಯುರಾಲಿಕ್ ಎಂಬ ಕುಟುಂಬವೊಂದಿದೆ. ಯೂರೋಪ್ ಏಷ್ಯಗಳ ನಡುವೆ ಗೋಡೆಯಂತೆ ನಿಂತಿರುವ ಯುರಲ್ ಪರ್ವತಗಳಿಂದ ಅದಕ್ಕೆ ಈ ಹೆಸರು ಬಂದಿದೆ. ಬಾಲ್ಟಿಕ್ ಸಮುದ್ರದ ದಡದ ಫಿನ್ನಿಷ್ ಮತ್ತು ಎಸ್ಟೋನಿಯನ್, ಮಧ್ಯ ಯೂರೋಪಿನ ಹಂಗೇರಿಯನ್, ಉತ್ತರದ ಹಿಮಪ್ರದೇಶದ ಸಾಮಿ, ರಷ್ಯದ ವೋಲ್ಗಾ ಮತ್ತು ಕಾಮಾ ನದಿಗಳ ಸುತ್ತಣ ಮೊರ್ದ್ವಿನ್, ಮಾರಿ, ಉದ್ಮುರ್ತ್, ಕೋಮಿ, ಪರ್ವತಗಳಾಚೆಯ ಸೈಬೀರಿಯದ ಖಾಂತಿ, ಮಾನ್ಸಿ, ನೆನೆತ್ಸ್: ಇವು ಆ ಕುಟುಂಬದ ಸದಸ್ಯರು. ಹಂಗೇರಿಯನ್ನನ್ನು ಆಡುವವರು ಸುಮಾರು 1 ಕೋಟಿ 30 ಲಕ್ಷ ಜನ. ಫಿನ್ನಿಷ್ ಆಡುವವರು 50 ಲಕ್ಷಕ್ಕೂ ಹೆಚ್ಚು. ಉಳಿದವುಗಳಲ್ಲಿ ಕೆಲವನ್ನು ಆಡುವವರು ಕೆಲವೇ ಸಾವಿರ. ಸುತ್ತಲೂ ರಷ್ಯನ್, ಜರ್ಮನ್, ಸ್ವೀಡಿಷ್ ಮೊದಲಾದ ಇಂಡೋ-ಯೂರೋಪಿಯನ್ ಭಾಷೆಗಳ ಕಡಲಿದ್ದರೆ ಅದರ ನಡುವೆ ಇವು ದ್ವೀಪಗಳಂತೆ ಉಳಿದಿವೆ.

ಈ ನಂಟನ್ನು ಕಂಡುಹಿಡಿದ ಕಥೆ ಸ್ವಾರಸ್ಯವಾದುದು. 1769ರ ಜೂನ್ 3ರಂದು ಶುಕ್ರಗ್ರಹವು ಸೂರ್ಯಬಿಂಬದ ಮುಂದೆ ಹಾದುಹೋಗುವುದಿತ್ತು. ಅದನ್ನು ನೋಡಿ ಅಳೆಯಲು ಮಾಕ್ಸಿಮಿಲಿಯನ್ ಹೆಲ್ ಎಂಬ ಖಗೋಳಶಾಸ್ತ್ರಜ್ಞನು ಡೆನ್ಮಾರ್ಕಿನ ದೊರೆಯ ಆಹ್ವಾನದ ಮೇಲೆ ನಾರ್ವೆಯ ಉತ್ತರ ತುದಿಯ ವಾರ್ಡೊ ಎಂಬ ದ್ವೀಪಕ್ಕೆ ಹೋದನು. ಅವನಿಗೆ ಸಹಾಯಕನಾಗಿ ಹೋದವನು ಯಾನೋಶ್ ಶಾಯ್ನೋವಿಚ್ ಎಂಬ ಹಂಗೇರಿಯದ ಪಾದ್ರಿ. ಅಲ್ಲಿ ಜಿಂಕೆಯ ಜಾತಿಯ ಹಿಮಸಾರಂಗಗಳನ್ನು ಸಾಕಿಕೊಂಡು, ಮೀನು ಹಿಡಿದುಕೊಂಡು ಬಾಳುವ ಸಾಮಿ ಜನರ ಮಾತು ಶಾಯ್ನೋವಿಚ್‌ನ ಕಿವಿಗೆ ಬಿತ್ತು. ಕೇಳುತ್ತ ಕೇಳುತ್ತ ಅದರ ಕಟ್ಟಡವು ತನ್ನ ತಾಯ್ನುಡಿಯದೇ ಎಂದು ಅವನಿಗೆ ಹೊಳೆಯಿತು. ನೋಡಲು ಹೋದದ್ದು ಆಕಾಶದ ಗ್ರಹವನ್ನು. ಕಂಡುಕೊಂಡು ಬಂದದ್ದು ಭೂಮಿಯ ಮೇಲಿನ ನೆಂಟರನ್ನು! 1770ರಲ್ಲಿ ಅವನು ಈ ವಿಷಯವಾಗಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಒಂದೇ ಮೂಲವಿರಬೇಕೆಂದು ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಾರಿದ್ದು 1786ರಲ್ಲಿ. ಅಂದರೆ ಅದಕ್ಕೆ 16 ವರ್ಷ ಮೊದಲೇ ಈ ಕೆಲಸ ನಡೆದಿತ್ತು.

ಹಂಗೇರಿಯದಲ್ಲಿ ಶಾಯ್ನೋವಿಚ್‌ನಿಗೆ ಮೆಚ್ಚುಗೆ ದೊರೆಯಲಿಲ್ಲ. ಕುದುರೆಯೇರಿ ಬಂದು ನಾಡು ಗೆದ್ದ ವೀರರ ಸಂತತಿ ತಾವೆಂದು ಬೀಗುತ್ತಿದ್ದವರಿಗೆ ಹಿಮಪ್ರದೇಶದ ಬಡ ಬೆಸ್ತರು ನೆಂಟರೆನ್ನುವ ಮಾತು ಅವಮಾನವಾಗಿ ಕಂಡಿತು. “ಮೀನಿನ ನಾತದ ನೆಂಟಸ್ತಿಕೆ” ಎಂದು ಅದನ್ನು ಹೀಯಾಳಿಸಿದರು. ಶಾಮುಯೆಲ್ ದ್ಯಾರ್ಮತಿ ಎಂಬ ಇನ್ನೊಬ್ಬ ಹಂಗೇರಿಯನ್ ವಿದ್ವಾಂಸನು 1799ರಲ್ಲಿ ಹೆಚ್ಚಿನ ಆಧಾರಗಳೊಂದಿಗೆ ಇದನ್ನೇ ಸ್ಥಾಪಿಸಿದ ಮೇಲೆಯೂ ಜಗಳ ತೀರಲಿಲ್ಲ. ನೂರು ವರ್ಷಗಳ ಅನಂತರವೂ ಅದು ನಡೆದೇ ಇತ್ತು. ತನ್ನ ಮಾತಿಗೆ ಯಾರು ನೆಂಟರಾಗಬೇಕೆಂಬುದನ್ನು ಮನುಷ್ಯನು ಆರಿಸಿಕೊಳ್ಳಲಾರನು. ಫಿನ್ಲೆಂಡಿನ ಮಥಿಯಾಸ್ ಕಾಸ್ಟ್ರೇನ್ ಎಂಬಾತನು ಸೈಬೀರಿಯದ ಚಳಿಯಲ್ಲಿ ವರ್ಷಗಟ್ಟಲೆ ಅಲೆದು, ಯಾರೂ ಬರೆದಿಡದ ನುಡಿಗಳನ್ನು ಬರೆದುಕೊಂಡು, ಆರೋಗ್ಯವನ್ನು ಕಳೆದುಕೊಂಡು 1852ರಲ್ಲಿ 38ನೆಯ ವಯಸ್ಸಿಗೇ ತೀರಿಹೋದನು. ಇಂದು ನಾವು ಸುಲಭವಾಗಿ ಓದುವ ಪಟ್ಟಿಗಳ ಹಿಂದೆ ಇಂತಹ ಜೀವಗಳಿವೆ.

ಹಂಗೇರಿಯನ್ನರು ಹಳಿದ ಆ ಮೀನೇ ನಂಟಸ್ತಿಕೆಗೆ ಒಳ್ಳೆಯ ಸಾಕ್ಷಿಯಾಯಿತು. ಫಿನ್ನಿಷ್‌ನಲ್ಲಿ ಮೀನಿಗೆ ‘ಕಲ’, ಹಂಗೇರಿಯನ್‌ನಲ್ಲಿ ‘ಹಲ್’. ಮೇಲ್ನೋಟಕ್ಕೆ ಇವು ಬೇರೆ ಬೇರೆ. ಆದರೆ ಇನ್ನೂ ಕೆಲವು ಶಬ್ದಗಳನ್ನು ಜೊತೆಗಿಟ್ಟು ನೋಡೋಣ. ಫಿನ್ನಿಷ್‌ನಲ್ಲಿ ಮೂರಕ್ಕೆ ‘ಕೊಲ್ಮೆ’, ಹಂಗೇರಿಯನ್‌ನಲ್ಲಿ ‘ಹಾರೊಮ್’. ಅಲ್ಲಿ ಗುಡಿಸಲಿಗೆ ‘ಕೊತ’, ಇಲ್ಲಿ ಮನೆಗೆ ‘ಹಾಝ್’. ಎಲ್ಲೆಲ್ಲಿ ಅ, ಒ, ಉ ಎಂಬ ಸ್ವರಗಳ ಮುಂದೆ ಫಿನ್ನಿಷ್ ‘ಕ’ಕಾರವನ್ನು ಉಳಿಸಿಕೊಂಡಿದೆಯೋ ಅಲ್ಲೆಲ್ಲ ಹಂಗೇರಿಯನ್ ‘ಹ’ಕಾರವನ್ನು ತಂದುಕೊಂಡಿದೆ. ಇದು ನಮಗೆ ಹೊಸದೇನಲ್ಲ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆಯಿತು, ‘ಪುಲಿ’ ‘ಹುಲಿ’ಯಾಯಿತು, ‘ಪೂ’ ‘ಹೂ’ವಾಯಿತು. ಒಂದು ಶಬ್ದದಲ್ಲಿ ಬಂದ ಮಾರ್ಪಾಡು ಅದೇ ಸ್ಥಿತಿಯಲ್ಲಿರುವ ಇತರ ಶಬ್ದಗಳಿಗೂ ಬರುತ್ತದೆ. ಈ ಕ್ರಮವನ್ನೇ ವಿದ್ವಾಂಸರು ಧ್ವನಿನಿಯಮವೆಂದು ಕರೆಯುತ್ತಾರೆ. ಬರಿಯ ಹೋಲಿಕೆಯನ್ನು ನಂಬಬಾರದು, ನಿಯಮವನ್ನು ನಂಬಬೇಕು. ಹೋಲಿಕೆಯನ್ನೇ ನಂಬಿದರೆ ಹಂಗೇರಿಯನ್ನರ ‘ಹಲ್’ ನಮ್ಮ ‘ಹಲ್ಲು’ ಎಂದುಬಿಡಬೇಕಾದೀತು! ಅವರ ಹಕಾರ ಬಂದದ್ದು ಕಕಾರದಿಂದ. ನಮ್ಮದು ಬಂದದ್ದು ‘ಪಲ್’ ಎಂಬ ಶಬ್ದದ ಪಕಾರದಿಂದ. ಫಿನ್ನಿಷ್‌ನಲ್ಲಿ ಕೈಗೆ ‘ಕ್ಯಾಸಿ’ ಎನ್ನುತ್ತಾರೆ. ನಮ್ಮ ‘ಕೈ’ಯನ್ನು ನೆನೆದು ಮನಸ್ಸು ಹಿಗ್ಗುತ್ತದೆ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಬರೆದ ರಾಬರ್ಟ್ ಕಾಲ್ಡ್‌ವೆಲ್ಲರಿಗೂ ಇಂತಹ ನಂಟು ಉಂಟೆಂದು ತೋರಿತ್ತು. ಆದರೆ ಅದು ಇಂದಿಗೂ ರುಜುವಾತಾಗಿಲ್ಲ.

ಈಗ ಜೇನಿನ ಕಡೆಗೆ ತಿರುಗೋಣ. ಫಿನ್ನಿಷ್‌ನಲ್ಲಿ ಜೇನಿಗೆ, ಹೂವಿನ ಮಕರಂದಕ್ಕೆ ‘ಮೆಸಿ’ ಎಂದು ಹೆಸರು. ‘ಜೇನಿನ’ ಎನ್ನಬೇಕಾದರೆ ‘ಮೆದೆನ್’. ಹಂಗೇರಿಯನ್‌ನಲ್ಲಿ ಜೇನು ‘ಮೇಝ್’, ಮೊರ್ದ್ವಿನ್‌ನಲ್ಲಿ ‘ಮೆದ್’. ಇಲ್ಲಿಯೂ ಒಂದು ಕ್ರಮವಿದೆ. ಫಿನ್ನಿಷ್‌ನಲ್ಲಿ ನೀರು ‘ವೆಸಿ’, ನೀರಿನ ‘ವೆದೆನ್’. ಕೈ ‘ಕ್ಯಾಸಿ’, ಕೈಯ ‘ಕ್ಯಾದೆನ್’. ಹಂಗೇರಿಯನ್‌ನಲ್ಲಿ ನೀರು ‘ವೀಝ್’, ಕೈ ‘ಕೇಝ್’, ಜೇನು ‘ಮೇಝ್’. ನೀರು ಮತ್ತು ಕೈಗಳು ಯಾವ ಹಾದಿಯಲ್ಲಿ ನಡೆದುಬಂದವೋ ಜೇನೂ ಅದೇ ಹಾದಿಯಲ್ಲಿ ಹೆಜ್ಜೆ ತಪ್ಪದೆ ಬಂದಿದೆ. ಇದರಿಂದ ತಿಳಿಯುವುದೇನು? ಫಿನ್ನರ ಮತ್ತು ಹಂಗೇರಿಯನ್ನರ ಪೂರ್ವಿಕರು ಬೇರೆಯಾಗುವುದಕ್ಕೆ ಮೊದಲೇ, ಒಂದೇ ನುಡಿಯನ್ನಾಡುತ್ತ ಒಂದೆಡೆ ಇದ್ದಾಗಲೇ, ಈ ಶಬ್ದ ಅವರಲ್ಲಿತ್ತು. ಆಗ ಅದರ ರೂಪ ‘ಮೆತೆ’ ಎಂದಿದ್ದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ಹೀಗೆ ಊಹಿಸಿದ ಶಬ್ದದ ಮುಂದೆ ಅವರು ಒಂದು ನಕ್ಷತ್ರದ ಗುರುತನ್ನು ಹಾಕುತ್ತಾರೆ. ಇದನ್ನು ಯಾರೂ ಕೇಳಿಲ್ಲ, ಯಾರೂ ಬರೆದಿಲ್ಲ, ಬುದ್ಧಿಯಿಂದ ಕಂಡುಕೊಂಡದ್ದು ಎಂಬುದೇ ಆ ನಕ್ಷತ್ರದ ಅರ್ಥ.

‘ಮೆತೆ’ ಎಂದೊಡನೆ ‘ಮಧು’ ನೆನಪಾಗುತ್ತದೆ. ಆದರೆ ಯಾರಿಂದ ಯಾರು ತೆಗೆದುಕೊಂಡರು? ಮಧು ಎಂಬುದರ ಒಡಹುಟ್ಟುಗಳು ಇಂಡೋ-ಯೂರೋಪಿಯನ್ ಕುಟುಂಬದ ಉದ್ದಗಲಕ್ಕೂ ಇವೆ. ಗ್ರೀಕರಲ್ಲಿ ‘ಮೆಥು’ ಎಂದರೆ ಮದ್ಯ. ಲಿಥುವೇನಿಯನ್‌ನಲ್ಲಿ ‘ಮೆದುಸ್’ ಜೇನು. ಇಂಗ್ಲಿಷಿನ ‘ಮೀಡ್’ ಜೇನಿನಿಂದ ಮಾಡಿದ ಪಾನೀಯ. ಮಧ್ಯ ಏಷ್ಯದಲ್ಲಿದ್ದು ಅಳಿದುಹೋದ ತೊಖಾರಿಯನ್ ಭಾಷೆಯಲ್ಲಿ ‘ಮಿತ್’ ಎಂದಿತ್ತು. ಚೀನೀಯರು ಜೇನಿಗೆ ಹೇಳುವ ‘ಮಿ’ ಎಂಬ ಶಬ್ದ ಅಲ್ಲಿಂದಲೇ ಹೋಯಿತೆಂದು ಬಲ್ಲವರ ಮತ. ಅತ್ತ ಯುರಾಲಿಕ್ ಕುಟುಂಬದಲ್ಲಿಯಾದರೋ ಪಶ್ಚಿಮದ ಕೊಂಬೆಗಳಲ್ಲಿ ಮಾತ್ರ ಈ ಶಬ್ದವಿದೆ. ಸೈಬೀರಿಯದ ನೆನೆತ್ಸ್ ಮೊದಲಾದ ನುಡಿಗಳು ಇದನ್ನು ಪೂರ್ವಿಕರಿಂದ ಪಡೆದಿಲ್ಲ. ಒಂದು ಮನೆಯಲ್ಲಿ ಎಲ್ಲರ ಬಳಿಯೂ ಇರುವ, ಮತ್ತೊಂದು ಮನೆಯಲ್ಲಿ ಕೆಲವರ ಬಳಿ ಮಾತ್ರ ಇರುವ ಒಡವೆ ಯಾರದೆಂದು ಹೇಳುವುದು ಕಷ್ಟವಲ್ಲ.

ಜೇನ್ನೊಣದ ಹೆಸರು ಇನ್ನೂ ಸೂಕ್ಷ್ಮವಾದುದು. ಹಂಗೇರಿಯನ್‌ನಲ್ಲಿ ಅದು ‘ಮೇಹ್’. ಬರೆಯುವಾಗ ಹಕಾರವಿದ್ದರೂ ಒಂಟಿಯಾಗಿ ನುಡಿಯುವಾಗ ‘ಮೇ’ ಎಂದಷ್ಟೇ ಕೇಳುತ್ತದೆ. ಮೊರ್ದ್ವಿನ್‌ನಲ್ಲಿ ‘ಮೆಕ್ಶ್’, ಮಾರಿಯಲ್ಲಿ ‘ಮ್ಯುಕ್ಶ್’, ಉದ್ಮುರ್ತ್‌ನಲ್ಲಿ ‘ಮುಶ್’. ಫಿನ್ನಿಷ್‌ನ ‘ಮೆಹಿಲ್ಯಾಯ್ನೆನ್’ ಶಬ್ದದಲ್ಲಿ ‘ಲ್ಯಾಯ್ನೆನ್’ ಎಂಬುದು ಪ್ರತ್ಯಯ. ತಮ್ಮ ನಾಡನ್ನು ‘ಸುಓಮಿ’ ಎನ್ನುವ ಫಿನ್ನರು ಇದೇ ಪ್ರತ್ಯಯವನ್ನು ಹಚ್ಚಿ ತಮ್ಮನ್ನು ‘ಸುಓಮಲಾಯ್ನೆನ್’ ಎಂದುಕೊಳ್ಳುತ್ತಾರೆ. ಅದನ್ನು ಕಳೆದರೆ ‘ಮೆಹಿ’ ಉಳಿಯುತ್ತದೆ. ಫಿನ್ನಿಷ್‌ನಲ್ಲಿ ಹಳೆಯ ಶಕಾರವು ಹಕಾರವಾಯಿತೆಂಬುದು ಗೊತ್ತಿರುವ ನಿಯಮ. ಇವೆಲ್ಲದರ ಮೂಲದಲ್ಲಿ ‘ಮೆಕ್ಶೆ’ ಎಂಬ ರೂಪವಿತ್ತೆಂದು ತಿಳಿದವರು ಹೇಳುತ್ತಾರೆ. ಇದಕ್ಕೆ ಎದುರಾಗಿ ನಮ್ಮ ಕಡೆ ಸಂಸ್ಕೃತದ ‘ಮಕ್ಷ್’ ಮತ್ತು ‘ಮಕ್ಷಿಕಾ’, ಪ್ರಾಚೀನ ಇರಾನಿನ ಅವೆಸ್ತಾ ಭಾಷೆಯ ‘ಮಖ್ಶಿ’ ಇವೆ. ಗ್ರೀಕ್, ಲ್ಯಾಟಿನ್ ಭಾಷೆಗಳಲ್ಲಿ ಈ ಶಬ್ದ ಕಾಣುವುದಿಲ್ಲ. ಆದ್ದರಿಂದ ಇದು ಆರ್ಯಭಾಷೆಗಳನ್ನಾಡುತ್ತಿದ್ದವರಿಂದಲೇ ಉತ್ತರಕ್ಕೆ ಹೋಗಿರಬೇಕೆಂಬುದು ಹೆಚ್ಚಿನವರ ಅಭಿಪ್ರಾಯ. ಎಲ್ಲರೂ ಒಪ್ಪಿದ್ದಾರೆಂದು ಹೇಳಲಾಗದು. ಮಧುವಿನ ವಿಷಯದಲ್ಲಿರುವಷ್ಟು ಬಿಗಿಯಾದ ಸಾಕ್ಷ್ಯ ಇಲ್ಲಿಲ್ಲ.

ಈ ಎರಡು ಶಬ್ದಗಳಲ್ಲಿಯೂ ಒಂದು ವಿಶೇಷವಿದೆ. ಸಂಸ್ಕೃತದಲ್ಲಿ ‘ಮಧು’, ‘ಮಕ್ಷ್’ ಎಂದು ಅಕಾರವಿದ್ದರೆ ಉತ್ತರದಲ್ಲಿ ‘ಮೆತೆ’, ‘ಮೆಕ್ಶೆ’ ಎಂದು ಎಕಾರವಿದೆ. ಗ್ರೀಕಿನ ‘ಮೆಥು’ವಿನಲ್ಲಿಯೂ ಎಕಾರವೇ. ಮೂಲದಲ್ಲಿ ಹ್ರಸ್ವ ಎಕಾರವಿದ್ದು ಸಂಸ್ಕೃತ ಮತ್ತು ಇರಾನಿನ ಭಾಷೆಗಳ ಪೂರ್ವರೂಪದಲ್ಲಿ ಅದು ಅಕಾರವಾಗಿ ಮಾರ್ಪಟ್ಟಿತು. ಸಂಸ್ಕೃತದಲ್ಲಿ ಹ್ರಸ್ವ ಎ, ಒಗಳು ಇಲ್ಲವೆಂದು ನೀವು ಓದಿದ್ದೀರಿ. ಅವು ಇಲ್ಲವಾದ ಕಾರಣ ಇದೇ. ಹಾಗಾದರೆ ‘ಮೆತೆ’, ‘ಮೆಕ್ಶೆ’ಗಳನ್ನು ಉತ್ತರದವರು ಪಡೆದದ್ದು ಆ ಮಾರ್ಪಾಡಿಗೂ ಮೊದಲು! ಋಗ್ವೇದದ ಭಾಷೆಯಲ್ಲಿಯೂ ಉಳಿಯದ ಒಂದು ಸ್ವರವನ್ನು ಮೊರ್ದ್ವಿನ್ ರೈತನು ‘ಮೆಕ್ಶ್’ ಎನ್ನುವಾಗ ಇಂದಿಗೂ ನುಡಿಯುತ್ತಿದ್ದಾನೆ. ಅತಿಥಿಯ ತವರಿನಲ್ಲಿ ಬದಲಾದದ್ದು ಅತಿಥಿಯನ್ನು ಕರೆಸಿಕೊಂಡ ಮನೆಯಲ್ಲಿ ಹಾಗೆಯೇ ಉಳಿದಿದೆ. ಆಮೇಲೆ ಬಂದ ಅತಿಥಿಗಳು ಬೇರೆ ವೇಷದಲ್ಲಿದ್ದಾರೆ. ಫಿನ್ನಿಷ್‌ನಲ್ಲಿ ನೂರಕ್ಕೆ ‘ಸತ’ ಎನ್ನುತ್ತಾರೆ, ನಮ್ಮ ‘ಶತ’. ಸುತ್ತಿಗೆಗೆ ‘ವಸರ’, ಅದು ಇಂದ್ರನ ‘ವಜ್ರ’. ಇವು ಎಕಾರವು ಅಕಾರವಾದ ಮೇಲೆ ಹೋದವು. ಹಂಗೇರಿಯನ್ನರು ಹಸುವಿಗೆ ಹೇಳುವ ‘ತೆಹೇನ್’ ಎಂಬುದು ‘ಧೇನು’ವಿನ ಬಳಗದ್ದು. ಸಾವಿರಾರು ವರ್ಷಗಳ ನೆರೆಹೊರೆಯಲ್ಲಿ ಶಬ್ದಗಳು ಒಮ್ಮೆಗೇ ಹೋದವಲ್ಲ, ಅಲೆ ಅಲೆಯಾಗಿ ಹೋದವು.

ನೆರೆಹೊರೆ ಎಲ್ಲಿತ್ತು? ಯುರಲ್ ಪರ್ವತಗಳ ದಕ್ಷಿಣಕ್ಕೆ ಮರಗಳಿಲ್ಲದ ಹುಲ್ಲುಗಾವಲು ಹಬ್ಬಿದೆ. ಉತ್ತರಕ್ಕೆ ದಟ್ಟವಾದ ಕಾಡು. ಹುಲ್ಲುಗಾವಲಿನಲ್ಲಿ ದನ ಕುದುರೆಗಳನ್ನು ಸಾಕಿದವರು ಸಂಸ್ಕೃತ ಮತ್ತು ಇರಾನಿನ ಭಾಷೆಗಳ ಪೂರ್ವರೂಪವನ್ನಾಡುತ್ತಿದ್ದರು, ಕಾಡಿನಲ್ಲಿ ಬೇಟೆಯಾಡಿ ಮೀನು ಹಿಡಿದವರು ಯುರಾಲಿಕ್ ನುಡಿಗಳನ್ನಾಡುತ್ತಿದ್ದರು ಎಂದು ಬಹುಮಂದಿ ವಿದ್ವಾಂಸರು ಭಾವಿಸುತ್ತಾರೆ. ಅಲ್ಲಿನ ಸಿಂತಾಶ್ತಾ ಎಂಬಲ್ಲಿ ಅಗೆತ ನಡೆದಾಗ ಸುಮಾರು 4,000 ವರ್ಷಗಳ ಹಿಂದಿನ ಕೋಟೆ, ಗೋರಿ, ಎರಡು ಗಾಲಿಯ ರಥಗಳ ಗುರುತುಗಳು ದೊರೆತವು. ಆದರೆ ಬರಹದ ಒಂದು ಅಕ್ಷರವೂ ಇಲ್ಲ. ಮಡಕೆ ಮಾತಾಡುವುದಿಲ್ಲ, ಎಲುಬು ಹೆಸರು ಹೇಳುವುದಿಲ್ಲ. ಕಾಡಿನವನೂ ಬಯಲಿನವನೂ ಎದುರುಬದುರು ನಿಂತು ಒಬ್ಬರ ಮಾತನ್ನೊಬ್ಬರು ಕೇಳಿದ್ದರೆಂಬುದಕ್ಕೆ ಈ ಶಬ್ದಗಳೇ ಸಾಕ್ಷಿ.

ಇಲ್ಲೊಂದು ಸಂದೇಹ ಏಳುತ್ತದೆ. ಜೇನು ಇರುವುದು ಕಾಡಿನಲ್ಲಿ. ಕಾಡಿನವರಿಗೆ ಅದರ ಹೆಸರನ್ನು ಬಯಲಿನವರು ಕಲಿಸಬೇಕಾಗಿತ್ತೆ? ಕಣ್ಣಮುಂದೆ ಇರುವ ಪ್ರಾಣಿಗೆ ತಮ್ಮದೇ ಹೆಸರು ಅವರಲ್ಲಿ ಇದ್ದೇ ಇದ್ದಿರಬೇಕು. ಆದರೆ ಕೊಳ್ಳುವವನ ಮಾತು ಮಾರುವವನ ಬಾಯಿಗೆ ಬರುವುದುಂಟು. ಮಧುವೆಂದರೆ ಜೇನಷ್ಟೇ ಅಲ್ಲ, ಹಬ್ಬದ ಪಾನೀಯವೂ ಹೌದು, ಅದಕ್ಕೆ ಬೆಲೆಯಿತ್ತು. ಜೇನು ವ್ಯಾಪಾರದ ಸರಕಾದಾಗ ಸರಕಿನ ಹೆಸರೂ ಅದನ್ನು ಮಾಡುವ ಹುಳುವಿನ ಹೆಸರೂ ಕೈಬದಲಾಯಿಸಿರಬಹುದು. ಇದು ಊಹೆಯೇ ಆದರೂ ಊಹೆಗೆ ಆ ನೆಲದ ಒತ್ತಾಸೆಯಿದೆ. ಯುರಲ್‌ನ ದಕ್ಷಿಣ ತಪ್ಪಲಿನಲ್ಲಿ ಬಾಷ್ಕಿರ್ ಜನರು ಮರದ ಮೇಲೆ, ನೆಲದಿಂದ ಬಹಳ ಎತ್ತರದಲ್ಲಿ, ಪೊಟರೆಯನ್ನು ಕೊರೆದು ಕಾಡುಜೇನನ್ನು ನೆಲೆಗೊಳಿಸುವ ಪದ್ಧತಿಯನ್ನು ಈಗಲೂ ಉಳಿಸಿಕೊಂಡಿದ್ದಾರೆ. ಪರ್ವತಗಳಾಚೆಯ ಸೈಬೀರಿಯಕ್ಕಾದರೋ ಸಾಕುಜೇನನ್ನು ಜನರು ಒಯ್ದದ್ದು 18ನೆಯ ಶತಮಾನದ ಕೊನೆಯಲ್ಲಿ. ಜೇನಿನ ಹಳೆಯ ಹೆಸರನ್ನುಳ್ಳ ಯುರಾಲಿಕ್ ಜನರು ಅದನ್ನು ಪರ್ವತಗಳ ಪಶ್ಚಿಮಕ್ಕೋ ದಕ್ಷಿಣದ ತಪ್ಪಲಿಗೋ ಸಮೀಪದಲ್ಲಿ ಕಲಿತಿರಬೇಕೆಂದು ವಾದಿಸುವವರು ಇದನ್ನೇ ಎತ್ತಿ ತೋರಿಸುತ್ತಾರೆ.

ಸಂಬಂಧವೆಲ್ಲ ಸಿಹಿಯಾಗಿಯೇ ಇರಲಿಲ್ಲ. ಫಿನ್ನಿಷ್‌ನಲ್ಲಿ ಗುಲಾಮನಿಗೆ ‘ಓರ್ಯ’ ಎನ್ನುತ್ತಾರೆ. ಇದು ‘ಆರ್ಯ’ ಶಬ್ದವೇ ಎಂದು ಹಲವರು ಹೇಳುತ್ತಾರೆ. ಒಂದು ಜನಾಂಗವು ತನ್ನನ್ನು ಅಭಿಮಾನದಿಂದ ಕರೆದುಕೊಂಡ ಹೆಸರು ನೆರೆಯವರ ಬಾಯಲ್ಲಿ ಆಳಿನ ಹೆಸರಾಗಬೇಕಾದರೆ, ಕಾದಾಟಗಳಲ್ಲಿ ಸೆರೆಸಿಕ್ಕವರು ಅಲ್ಲಿ ದುಡಿದಿರಬೇಕು.

ಹೋದ ದಾರಿಯಲ್ಲಿ ಅರ್ಥವೂ ಸರಿಯಿತು. ಅವೆಸ್ತಾದ ‘ಮಖ್ಶಿ’ ಬರಿಯ ನೊಣ. ಸಂಸ್ಕೃತದ ‘ಮಕ್ಷಿಕಾ’ ನೊಣವೂ ಹೌದು, ಜೇನ್ನೊಣವೂ ಹೌದು. ಇಂದಿನ ಹಿಂದಿಯಲ್ಲಿ ‘ಮಕ್ಖೀ’ ಎಂದರೆ ಮನೆಯ ನೊಣ. ಜೇನ್ನೊಣವಾಗಬೇಕಾದರೆ ‘ಮಧುಮಕ್ಖೀ’ ಎನ್ನಬೇಕು, ನಾವು ‘ಜೇನು’ ಮತ್ತು ‘ನೊಣ’ಗಳನ್ನು ಕೂಡಿಸಿದ ಹಾಗೆ. ಯುರಾಲಿಕ್ ನುಡಿಗಳಲ್ಲಿ ಅದು ಜೇನ್ನೊಣವೊಂದಕ್ಕೇ ಮೀಸಲಾಯಿತು. ಎಸ್ಟೋನಿಯನ್ನರು ಮಾತ್ರ ಅದಕ್ಕೆ ‘ಮೆಸಿಲನೆ’ ಎಂಬ ರೂಪವನ್ನು ಬಳಸುತ್ತಾರೆ. ಜೇನೆಂಬ ‘ಮೆಸಿ’ಯನ್ನೇ ಅದರೊಳಗೆ ಕಾಣಬಹುದು.

ಜೇನಿನ ಮಾತು ಬಂದ ಮೇಲೆ ಕರಡಿಯನ್ನು ಬಿಡುವುದು ಹೇಗೆ? ಉತ್ತರದ ಕಾಡುಗಳಲ್ಲಿ ಕರಡಿಯೇ ರಾಜ. ಅದರ ನಿಜವಾದ ಹೆಸರನ್ನು ಉಚ್ಚರಿಸಿದರೆ ಅದು ಎದುರಿಗೇ ಬಂದೀತೆಂದು ಜನರು ಹೆದರುತ್ತಿದ್ದರು. ನಮ್ಮಲ್ಲಿ ರಾತ್ರಿಯ ಹೊತ್ತು ಹಾವನ್ನು ಹೆಸರಿಟ್ಟು ಕರೆಯಲು ಹಿಂಜರಿಯುವ ಹಾಗೆ. ಅದಕ್ಕಾಗಿ ಫಿನ್ನರು ಅದನ್ನು ‘ಮೆಸಿಕ್ಯಾಮ್ಮೆನ್’, ಅಂದರೆ ‘ಜೇನಿನ ಅಂಗೈಯವನು’ ಎಂದು ನಯವಾಗಿ ಕರೆದರು. ರಷ್ಯನ್ನರ ನುಡಿಯಲ್ಲಿ ಅದು ‘ಮೆದ್ವೇದ್’, ಜೇನನ್ನು ತಿನ್ನುವುದು. ಸಂಸ್ಕೃತದಲ್ಲಿಯೂ ‘ಮಧು’ವಿಗೆ ತಿನ್ನುವ ಅರ್ಥದ ‘ಅದ’ ಸೇರಿ ‘ಮಧ್ವದ’ ಎಂದಾಗುತ್ತದೆ. ‘ಮನು’ವಿಗೆ ‘ಅಂತರ’ ಸೇರಿ ‘ಮನ್ವಂತರ’ವಾದಂತೆ ಇದು ಯಣ್ ಸಂಧಿ. ರಷ್ಯನ್ ಶಬ್ದದ ನಡುವಿನ ವಕಾರವೂ ಅಂತಹದೇ ಉಕಾರದ ಮಾರ್ಪಾಡು. ಹಂಗೇರಿಯನ್ನರ ಪೂರ್ವಿಕರು ಸುಮಾರು 895ರ ವೇಳೆಗೆ ಇಂದಿನ ತಮ್ಮ ನಾಡಿಗೆ ಬಂದು, ಅಲ್ಲಿದ್ದ ಸ್ಲಾವ್ ಜನರ ನೆರೆಯಲ್ಲಿ ನೆಲೆಸಿ, ಕರಡಿಗೆ ‘ಮೆದ್ವೆ’ ಎಂಬ ಹೆಸರನ್ನು ಅವರಿಂದ ಪಡೆದುಕೊಂಡರು. ಹೀಗೆ ಇಂದಿನ ಹಂಗೇರಿಯನ್‌ನಲ್ಲಿ ಜೇನು ‘ಮೇಝ್’, ಅದನ್ನು ಕದಿಯುವ ಕರಡಿ ‘ಮೆದ್ವೆ’. ಎರಡರೊಳಗೂ ಇರುವುದು ಒಂದೇ ಮಧು. ಒಂದು ಬಂದು ಸಾವಿರಾರು ವರ್ಷಗಳಾದವು, ಇನ್ನೊಂದು ಬಂದು ಸುಮಾರು ಸಾವಿರ ವರ್ಷ. ಒಂದೇ ಮನೆಯಲ್ಲಿದ್ದರೂ ತಾವು ಸೋದರರೆಂಬುದು ಅವಕ್ಕೆ ಗೊತ್ತಿಲ್ಲ.

ಫಿನ್ನರ ಮಹಾಕಾವ್ಯದ ಹೆಸರು ‘ಕಲೆವಲ’. ಹಳ್ಳಿಗರು ಹಾಡುತ್ತಿದ್ದ ಹಾಡುಗಳನ್ನು ಊರೂರು ತಿರುಗಿ ಸಂಗ್ರಹಿಸಿ ಎಲಿಯಾಸ್ ಲ್ಯೋನ್ರೋತ್ ಎಂಬ ವೈದ್ಯನು 1835ರಲ್ಲಿ ಅದನ್ನು ಮೊದಲು ಪ್ರಕಟಿಸಿದನು, 1849ರಲ್ಲಿ ಹಿಗ್ಗಿಸಿದನು. ಅದರಲ್ಲಿ ಲೆಮ್ಮಿಂಕ್ಯಾಯ್ನೆನ್ ಎಂಬ ದುಡುಕಿನ ತರುಣನು ಸತ್ತು, ಅವನ ದೇಹ ತುಂಡುತುಂಡಾಗಿ ಮೃತ್ಯುಲೋಕದ ನದಿಯ ಪಾಲಾಗುತ್ತದೆ. ಅವನ ತಾಯಿ ಉದ್ದನೆಯ ಕುಂಟೆಯೊಂದನ್ನು ಮಾಡಿಸಿಕೊಂಡು ನೀರನ್ನು ಜಾಲಾಡಿ, ಮಗನ ಒಂದೊಂದು ತುಂಡನ್ನೂ ಹುಡುಕಿ ತೆಗೆದು ಜೋಡಿಸುತ್ತಾಳೆ. ಮೈ ಕೂಡಿತು, ಜೀವ ಬರಲಿಲ್ಲ. ಆಗ ಆಕೆ ಒಂದು ಜೇನ್ನೊಣವನ್ನು ಕರೆದು ಬೇಡಿಕೊಳ್ಳುತ್ತಾಳೆ. ಅದು ಮೊದಲು ಕಾಡಿನ ಹೂಗಳ ಜೇನನ್ನು ತರುತ್ತದೆ, ಫಲವಾಗುವುದಿಲ್ಲ. ಸಮುದ್ರಗಳಾಚೆಯಿಂದ ತರುತ್ತದೆ, ಅದರಿಂದಲೂ ಆಗುವುದಿಲ್ಲ. ಮೂರನೆಯ ಸಲ ಆ ಪುಟ್ಟ ಮೆಹಿಲ್ಯಾಯ್ನೆನ್ ಚಂದ್ರನನ್ನೂ ಸೂರ್ಯನನ್ನೂ ದಾಟಿ ಆಕಾಶದ ತುದಿಗೆ ಹಾರಿ, ಅಲ್ಲಿನ ಲೇಪವನ್ನು ಹೊತ್ತು ತರುತ್ತದೆ. ತಾಯಿ ಅದನ್ನು ಮಗನ ಮೈಗೆ ಹಚ್ಚುತ್ತಾಳೆ. ಮಗನು ಕಣ್ಣುಜ್ಜಿಕೊಂಡು ಎದ್ದು, ತಾನು ಬಹಳ ಹೊತ್ತು ಮಲಗಿಬಿಟ್ಟೆನೆಂದು ಹೇಳುತ್ತಾನೆ.